ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ

ಇಂಗ್ಲಿಷಿನಿಂದ ಬಂದು ಕನ್ನಡದ ಮನೆ ತುಂಬಿದ ಶಬ್ದಗಳು ಬೇಕಾದಷ್ಟಿವೆ. ಅವುಗಳಲ್ಲಿ ‘ಅಡ್ಜಸ್ಟ್’ಗೆ ಮೊದಲ ಮಣೆ. ಮೂರು ಜನರ ಬಸ್ಸಿನ ಸೀಟಿಗೆ ನಾಲ್ಕನೆಯವರು ಬಂದು ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದರೆ ನಾವು ಸೆರಗು, ಚೀಲ, ಮಗು ಎಲ್ಲವನ್ನೂ ಒಳಗೆಳೆದುಕೊಂಡು ಜಾಗ ಮಾಡುತ್ತೇವೆ. ಮದುವೆ ಛತ್ರದಲ್ಲಿ ಹದಿನೈದು ಜನಕ್ಕೆ ಒಂದು ಕೋಣೆ ತೋರಿಸಿದವರೂ ಅದನ್ನೇ ಹೇಳುತ್ತಾರೆ. ವಾರಕ್ಕೆರಡು ದಿನ ಮಾತ್ರ ನೀರು ಬಿಡುವ ಮನೆ ಮಾಲೀಕರೂ ಅದನ್ನೇ ಹೇಳುತ್ತಾರೆ. ಬಸ್ಸಿನಲ್ಲಿ ಆ ಮಾತಿಗೊಂದು ನ್ಯಾಯವಿದೆ. ಅಲ್ಲಿ ನಿಂತವರು ಕೂತವರನ್ನು ಕೇಳುತ್ತಾರೆ. ಮನೆಯೊಳಗೆ ಅದು ತಿರುಗುಮುರುಗು. ಕೂತವರು ನಿಂತವರಿಗೆ ಹೇಳುತ್ತಾರೆ.

ಗ್ಯಾರೇಜಿಗೆ ಹೋದರೆ ಇದೇ ಶಬ್ದಕ್ಕೆ ಬೇರೆಯೇ ಅರ್ಥ. ‘ಬ್ರೇಕ್ ಅಡ್ಜಸ್ಟ್ ಮಾಡಪ್ಪ’, ‘ಚೈನ್ ಅಡ್ಜಸ್ಟ್ ಮಾಡು’ ಎನ್ನುತ್ತಾರೆ. ಅಲ್ಲಿ ಬಗ್ಗುವುದು ಯಂತ್ರ. ಮನುಷ್ಯ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಾನೆ. ಯಾವುದನ್ನು ಮನುಷ್ಯರು ತಾಳಿಕೊಳ್ಳಬೇಕು, ಯಾವುದನ್ನು ಸ್ಪ್ಯಾನರ್ ಹಾಕಿ ತಿರುಗಿಸಬೇಕು ಎಂಬ ಪ್ರಶ್ನೆ ಬಹಳ ವರ್ಷಗಳಿಂದ ನನ್ನನ್ನು ಕಾಡಿದೆ. ಅದು ತಲೆಗೆ ಹೊಕ್ಕಿದ್ದು ಯಾವ ಪ್ರವಚನದಿಂದಲೂ ಅಲ್ಲ, ನಮ್ಮ ಮನೆಯ ಬೈಕಿನ ಹಿಂದಿನ ಸೀಟಿನಿಂದ.

ನಾವಿರುವುದು ಅರಸೀಕೆರೆಯಲ್ಲಿ. ಹಾರನಹಳ್ಳಿ ಕಡೆ ಇವರ ಹಿರಿಯರ ಪುಟ್ಟ ತೋಟ. 2004ರಲ್ಲಿ ಒಂದು ನೂರು ಸಿಸಿ ಬೈಕು ಕೊಂಡೆವು. ಭಾನುವಾರ ಇವರು ತೋಟಕ್ಕೆ ಹೋಗಿ ಒಂದು ಚೀಲ ತೆಂಗಿನಕಾಯಿಯನ್ನು ಹಿಂದಿನ ಸೀಟಿಗೆ ಬಿಗಿದುಕೊಂಡು ಬರುತ್ತಿದ್ದರು. ಬೇರೆ ದಿನ ಟ್ಯಾಂಕಿನ ಮೇಲೆ ಮಗ, ನಡುವೆ ಮಗಳು, ಕೊನೆಗೆ ನಾನು. ಒಮ್ಮೊಮ್ಮೆ ಗ್ಯಾಸ್ ಸಿಲಿಂಡರ್. ಇಷ್ಟು ಭಾರಕ್ಕೆ ಹಿಂದಿನ ಚಕ್ರ ಮಡ್‌ಗಾರ್ಡಿಗೆ ಉಜ್ಜುತ್ತದೆಂದು ಅಂದಿನ ಮೆಕ್ಯಾನಿಕ್ ಎರಡೂ ಕಡೆಯ ಸ್ಪ್ರಿಂಗನ್ನು ಐದನೆಯ ಮೆಟ್ಟಿಲಿಗೆ ಏರಿಸಿಕೊಟ್ಟ. ಸರಿಯಾದ ಕೆಲಸವೇ. ಆಮೇಲೆ ಮಕ್ಕಳು ಬೆಳೆದು ತಮ್ಮ ಕಾಲ ಮೇಲೆ ನಿಂತರು, ಹಾಸ್ಟೆಲಿಗೆ ಹೋದರು. ಕಾಯಿ ಗೂಡ್ಸ್ ಆಟೋದಲ್ಲಿ ಬರತೊಡಗಿತು. ಸಿಲಿಂಡರ್ ಮನೆ ಬಾಗಿಲಿಗೇ ಬಂತು. ಬೈಕಿನ ಮೇಲೆ ಉಳಿದವರು ನಾವಿಬ್ಬರು. ಸ್ಪ್ರಿಂಗು ಮಾತ್ರ ಐದನೆಯ ಮೆಟ್ಟಿಲಲ್ಲೇ ಇತ್ತು. ಎಂದರೆ ಕಾಯಿಚೀಲಕ್ಕೆಂದು ಹೊಂದಿಸಿದ ಸೀಟಿನ ಮೇಲೆ ನಾನು ಕೂತಿದ್ದೆ. ಕಾಯಿಚೀಲಕ್ಕೆ ಬೆನ್ನುಮೂಳೆ ಇಲ್ಲ.

ಮೆಟ್ಟಿಲು ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡುವುದಿಲ್ಲ, ನಾವೂ ಕೇಳುವುದಿಲ್ಲ. ಬೈಕಿನ ಹಿಂಚಕ್ರದ ಎರಡು ಪಕ್ಕದಲ್ಲಿ ಸುರುಳಿ ಸ್ಪ್ರಿಂಗು ಸುತ್ತಿದ ಎರಡು ಕಂಬಗಳಿರುತ್ತವೆ. ಅವೇ ಶಾಕ್ ಅಬ್ಸಾರ್ಬರ್. ಒಳಗಿನ ಕೊಳವೆಯಲ್ಲಿ ಎಣ್ಣೆ. ಸ್ಪ್ರಿಂಗಿನ ಬುಡದಲ್ಲಿ ಒಂದು ಉಕ್ಕಿನ ಬಳೆ. ಅದರ ಅಂಚನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿರುತ್ತಾರೆ. ಕೊಕ್ಕೆಯಂತಿರುವ ‘ಸಿ’ ಸ್ಪ್ಯಾನರ್ ಹಾಕಿ ಬಳೆಯನ್ನು ತಿರುಗಿಸಿದರೆ ಸ್ಪ್ರಿಂಗು ಒಂದೊಂದೇ ಮೆಟ್ಟಿಲು ಮೇಲಕ್ಕೆ ಒತ್ತಿಕೊಳ್ಳುತ್ತದೆ. ಎಡಬಲ ಎರಡೂ ಒಂದೇ ಮೆಟ್ಟಿಲಲ್ಲಿರಬೇಕು. ಇಷ್ಟೇ.

ಇಲ್ಲೊಂದು ಸ್ವಾರಸ್ಯವಿದೆ. ಬಳೆ ತಿರುಗಿಸಿದರೆ ಸ್ಪ್ರಿಂಗು ಗಟ್ಟಿಯಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಿಜವಾಗಿ ಸ್ಪ್ರಿಂಗು ಗಟ್ಟಿಯಾಗುವುದೇ ಇಲ್ಲ. ಅದರ ಗುಣ ಕಾರ್ಖಾನೆಯಲ್ಲಿ ಸುತ್ತಿದಾಗಲೇ ನಿರ್ಧಾರವಾಗಿರುತ್ತದೆ. ಒಂದು ಸ್ಪ್ರಿಂಗಿಗೆ ಹತ್ತು ಕೆ.ಜಿ. ಹೇರಿದರೆ ಒಂದು ಸೆಂಟಿಮೀಟರ್ ಕುಗ್ಗುತ್ತದೆ ಎಂದಿಟ್ಟುಕೊಳ್ಳಿ. ಇಪ್ಪತ್ತಕ್ಕೆ ಎರಡು, ಮೂವತ್ತಕ್ಕೆ ಮೂರು. ನೀವು ಮೊದಲೇ ಅದನ್ನು ಒಂದು ಸೆಂಟಿಮೀಟರ್ ಒತ್ತಿ ಕೂರಿಸಿದರೆ, ಆಮೇಲೆ ಹೇರಿದ ಮೊದಲ ಹತ್ತು ಕೆ.ಜಿ.ಗೆ ಅದು ಅಲ್ಲಾಡುವುದೇ ಇಲ್ಲ. ಹನ್ನೊಂದನೆಯ ಕೆ.ಜಿ.ಯಿಂದ ಮತ್ತೆ ಹಳೆಯ ಲೆಕ್ಕವೇ. ಬದಲಾಗಿದ್ದು ಸ್ವಭಾವವಲ್ಲ, ಅದು ಬಗ್ಗಲು ಶುರುಮಾಡುವ ಜಾಗ. ಭಾರ ಹೆಚ್ಚಿದ್ದಾಗ ಇದು ಒಳ್ಳೆಯದು. ಭಾರ ಇಳಿದ ಮೇಲೂ ಹಾಗೇ ಬಿಟ್ಟರೆ ಸಣ್ಣಪುಟ್ಟ ಕಲ್ಲಿಗೆ ಸ್ಪ್ರಿಂಗು ಜಪ್ಪಯ್ಯ ಎಂದರೂ ಕುಗ್ಗುವುದಿಲ್ಲ. ಬಂದ ಪೆಟ್ಟನ್ನೆಲ್ಲ ಹಾಗೇ ಮೇಲಿದ್ದವರಿಗೆ ದಾಟಿಸುತ್ತದೆ. ಗುಂಡಿ ಬಂದಾಗ ಚಕ್ರ ಕೆಳಕ್ಕೆ ಚಾಚಿ ನೆಲ ಹಿಡಿಯಲೂ ಜಾಗವಿರುವುದಿಲ್ಲ, ಆಗಲೇ ಪೂರ್ತಿ ಚಾಚಿಕೊಂಡು ನಿಂತಿರುತ್ತದಲ್ಲ.

ಈ ಪೆಟ್ಟು ಮುಂದಿನವರಿಗೂ ಹಿಂದಿನವರಿಗೂ ಒಂದೇ ಎಂದು ತಿಳಿಯಬೇಡಿ. ಓಡಿಸುವವರ ಭಾರ ಎರಡು ಚಕ್ರಕ್ಕೂ ಹಂಚಿಹೋಗುತ್ತದೆ. ಹಿಂದೆ ಕೂತವರು ಹೆಚ್ಚುಕಡಿಮೆ ಹಿಂಚಕ್ರದ ತಲೆಯ ಮೇಲೇ ಕೂತಿರುತ್ತಾರೆ. ಓಡಿಸುವವರ ಕೈಯಲ್ಲಿ ಹ್ಯಾಂಡಲ್, ಎರಡೂ ಪಾದಕ್ಕೆ ಆಧಾರ. ಉಬ್ಬು ಬಂದರೆ ಮೊಣಕಾಲಿಗೆ ಭಾರ ಕೊಟ್ಟು ತುಸು ಎದ್ದುಬಿಡುತ್ತಾರೆ. ಸೀರೆಯುಟ್ಟು ಒಂದೇ ಪಕ್ಕಕ್ಕೆ ಕಾಲುಬಿಟ್ಟು ಕೂತವಳು ಏಳುವುದೆಲ್ಲಿ? ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಮುಂದಿನವರಿಗೆ ಗುಂಡಿ ಕಾಣುತ್ತದೆ, ಹಿಂದಿನವಳಿಗೆ ಬರೀ ಅವರ ಬೆನ್ನು ಕಾಣುತ್ತದೆ. ಗೊತ್ತಿದ್ದು ತಿನ್ನುವ ಪೆಟ್ಟಿಗೂ ಗೊತ್ತಿಲ್ಲದೆ ಬೀಳುವ ಪೆಟ್ಟಿಗೂ ಇರುವ ಅಂತರ ಅನುಭವಿಸಿದವರಿಗೇ ಗೊತ್ತು.

ರಸ್ತೆ ಉಬ್ಬಿಗೂ ಒಂದು ಶಾಸ್ತ್ರವಿದೆ. 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಇಪ್ಪತ್ತೈದು ಕಿಲೋಮೀಟರ್ ವೇಗದಲ್ಲಿ ಸಲೀಸಾಗಿ ದಾಟುವಂತೆ ಕಮಾನಾಗಿರಬೇಕು ಎಂದು ಭಾರತೀಯ ರಸ್ತೆ ಕಾಂಗ್ರೆಸ್ಸು 1988ರಲ್ಲೇ ಮಾರ್ಗಸೂಚಿ ಬರೆದಿತ್ತು. ನಮ್ಮ ಹಳ್ಳಿಗಳ ಮುಂದೆ ಒಂದು ಅಪಘಾತವಾದ ಮಾರನೆಯ ದಿನ ಊರವರು ಕಲ್ಲುಮಣ್ಣು ಸುರಿದು ಮಾಡಿಕೊಂಡ ಹಂಪುಗಳು ಯಾವ ಪುಸ್ತಕವನ್ನೂ ಓದಿದವಲ್ಲ. ಅವರನ್ನು ದೂರುವ ಹಾಗೂ ಇಲ್ಲ, ಮಗು ಕಳೆದುಕೊಂಡವರು ಅಳತೆಪಟ್ಟಿ ಹುಡುಕುತ್ತಾರೆಯೇ?

ಕಾನೂನು ನಮ್ಮನ್ನು ಪೂರ್ತಿ ಮರೆತಿಲ್ಲ ಎಂಬುದನ್ನೂ ಹೇಳಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ, ಹಿಂದೆ ಕೂರುವವರಿಗೆ ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಆಸರೆ, ಬಟ್ಟೆ ಸಿಕ್ಕದಂತೆ ಹಿಂಚಕ್ರದ ಅರ್ಧದಷ್ಟಾದರೂ ಮುಚ್ಚುವ ರಕ್ಷೆ ಇರಲೇಬೇಕೆಂದು ಬರೆದಿದೆ. ನಾವು ಸ್ಯಾರಿ ಗಾರ್ಡ್ ಎನ್ನುವುದು ಅದನ್ನೇ. 2016ರ ಜನವರಿಯಲ್ಲಿ ಕರ್ನಾಟಕದಲ್ಲಿ ಹಿಂದಿನವರ ತಲೆಗೂ ಹೆಲ್ಮೆಟ್ ಬಂತು. ಕೈ, ಕಾಲು, ಸೀರೆ, ತಲೆ ಆಯಿತು. ಬೆನ್ನನ್ನು ಕಾನೂನು ಮನೆಯವರಿಗೇ ಬಿಟ್ಟಿದೆ.

2018ರ ಹೊತ್ತಿಗೆ ನನ್ನ ಸೊಂಟ ಮಾತಾಡತೊಡಗಿತು. ಮೂಳೆ ಡಾಕ್ಟರು ಫೋಟೋ ತೆಗೆಸಿ, ಬೆಲ್ಟು ಬರೆದು, ‘ವಯಸ್ಸಾಯ್ತಲ್ಲ ತಾಯಿ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಹೋಗಿ’ ಎಂದರು. ಕೆಲವು ದಿನಗಳ ಮೇಲೆ ಬೈಕು ಸರ್ವೀಸಿಗೆ ಬಿಡಲು ಇವರ ಜೊತೆ ನಾನೂ ಹೋಗಿದ್ದೆ. ಗ್ಯಾರೇಜಿನ ಹುಡುಗ ನಾಲ್ಕನೆಯ ಕ್ಲಾಸಿನಲ್ಲಿ ನನ್ನ ಹತ್ತಿರ ಮಗ್ಗಿ ಕಲಿತವನು. ನಾನು ಇಳಿಯುವಾಗ ಸೊಂಟ ಹಿಡಿದುಕೊಂಡದ್ದನ್ನು ನೋಡಿ, ‘ಯಾಕ್ ಮಿಸ್?’ ಎಂದ. ‘ನಿಮ್ಮ ಸಾರ್ ಬೈಕು ಎತ್ತಿ ಎತ್ತಿ ಕುಕ್ಕುತ್ತಪ್ಪ’ ಎಂದೆ. ಅವನು ನಗಲಿಲ್ಲ, ಉಪದೇಶವನ್ನೂ ಹೇಳಲಿಲ್ಲ. ನೇರ ಬೈಕಿನ ಹಿಂದೆ ಕುಕ್ಕರುಗಾಲಲ್ಲಿ ಕೂತ.

ಮೊದಲು ನೋಡಿದ್ದು ಚಕ್ರದ ಗಾಳಿ. ಒಬ್ಬರಿಗೆ ಇಷ್ಟು, ಇಬ್ಬರಿಗೆ ಇಷ್ಟು ಎಂದು ಬೈಕಿನ ಮೇಲೇ ಚೀಟಿ ಅಂಟಿಸಿರುತ್ತಾರಂತೆ. ಪಂಕ್ಚರ್ ಅಂಗಡಿಯವರು ಯಾರೋ ಅದಕ್ಕಿಂತ ಹೆಚ್ಚೇ ತುಂಬಿದ್ದರು. ಗಾಳಿ ಹೆಚ್ಚಾದ ಟೈರು ಕಲ್ಲಿನಂತಾಗುತ್ತದೆ. ಸ್ಪ್ರಿಂಗು ಎಷ್ಟು ಮೆತ್ತಗಿದ್ದರೇನು? ಆಮೇಲೆ ಹಿಂಚಕ್ರವನ್ನು ಎತ್ತಿ, ಅದನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಸಲೀಸಾಗಿ ಮೇಲೆ ಕೆಳಗೆ ಆಡುತ್ತದೆಯೇ ನೋಡಿದ. ಆ ಕೀಲು ತುಕ್ಕು ಹಿಡಿದು ಬಿಗಿದಿದ್ದರೆ ಬಳೆಯನ್ನು ಎಷ್ಟು ತಿರುಗಿಸಿದರೂ ದಂಡ ಎಂದ. ಕೀಲು ಚೆನ್ನಾಗಿತ್ತು. ಕಂಬದ ಮೇಲೆ ಬೆರಳಾಡಿಸಿ ಎಣ್ಣೆ ಸೋರಿಲ್ಲ ಎಂದ. ಆ ಎಣ್ಣೆಯ ಕೆಲಸ ಭಾರ ಹೊರುವುದಲ್ಲ. ಕುಗ್ಗಿದ ಸ್ಪ್ರಿಂಗು ಚಿಮ್ಮಿ ಏಳುವಾಗ ಅದನ್ನು ಸಣ್ಣ ತೂತಿನೊಳಗಿಂದ ತಡೆದು ತಡೆದು ಬಿಡುವುದು. ಎಣ್ಣೆ ಸೋರಿಹೋದ ಬೈಕು ಒಂದು ಹಂಪಿಗೆ ನಾಲ್ಕು ಸಲ ಕುಣಿಯುತ್ತದೆ. ಹಳೆಯ ಒಂದು ಮಾತನ್ನು ಇಟ್ಟುಕೊಂಡು ಪ್ರತಿ ಹಬ್ಬಕ್ಕೂ ಕುಣಿಯುವವರು ನಮ್ಮ ನಿಮ್ಮ ಬಳಗದಲ್ಲೂ ಉಂಟಲ್ಲ, ಹಾಗೆ.

ಕೊನೆಗೆ ಅವನು ಹೇಳಿದ ಮಾತು ಕೇಳಿ: ‘ಸಾರ್ ಹತ್ಕೊಳ್ಳಲಿ. ಮಿಸ್, ನೀವೂ ಹತ್ತಿ ಕೂತ್ಕೊಳ್ಳಿ.’

ಹದಿನಾಲ್ಕು ವರ್ಷದಲ್ಲಿ ಎಷ್ಟೋ ಸರ್ವೀಸು ಆಗಿತ್ತು. ಖಾಲಿ ಸೀಟನ್ನು ಅಂಗೈಯಲ್ಲಿ ಎರಡು ಸಲ ಅದುಮಿ ‘ಪರ್ಫೆಕ್ಟ್ ಸಾರ್’ ಎಂದವರೇ ಎಲ್ಲ. ಕೂರುವವಳನ್ನು ಕೂರಿಸಿ ನೋಡಬೇಕು ಎಂದವನು ಇವನೊಬ್ಬ. ಅವನ ಟೇಪು ಹಿಂಚಕ್ರದ ಅಚ್ಚಿನಿಂದ ಸೀಟಿನ ಕೆಳಗಿನ ಒಂದು ಗುರುತಿನವರೆಗೆ ಅಳೆಯಿತು. ಬೈಕನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ಚಕ್ರ ನೆಲ ಬಿಟ್ಟಿದ್ದಾಗ ಒಂದು ಸಲ, ನಾವಿಬ್ಬರೂ ಕೂತಾಗ ಒಂದು ಸಲ. ಚಕ್ರಕ್ಕೆ ಮೇಲೆ ಕೆಳಗೆ ಎಷ್ಟು ಓಡಾಟವಿದೆಯೋ ಅದರ ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟಾದರೂ ನಮ್ಮ ಭಾರಕ್ಕೆ ಇಳಿಯಬೇಕಂತೆ. ನಮ್ಮದು ಒಂದು ಬೆರಳಿನ ದಪ್ಪವೂ ಇಳಿದಿರಲಿಲ್ಲ. ಐದರಿಂದ ಎರಡಕ್ಕೆ ಇಳಿಸಿದ. ‘ಒಂದಕ್ಕೇ ತಾರಪ್ಪ’ ಎಂದರೆ ಒಪ್ಪಲಿಲ್ಲ. ‘ಬೇಡ ಮಿಸ್. ಆಮೇಲೆ ಹಂಪ್ ಮೇಲೆ ತಳ ಹೊಡೆಯುತ್ತೆ, ಅದು ಇದಕ್ಕಿಂತ ಜೋರು.’ ಮೆತ್ತಗಿರುವುದೂ ಒಂದು ಹಂತದ ಮೇಲೆ ಪೆಟ್ಟೇ ಕೊಡುತ್ತದೆ ಎಂದು ನಾನೂ ಅವತ್ತು ಅವನಿಂದ ಕಲಿತೆ. ಎಲ್ಲಕ್ಕೂ ‘ಆಯ್ತು’ ಎನ್ನುವ ಮನುಷ್ಯರು ಒಂದು ದಿನ ಇದ್ದಕ್ಕಿದ್ದಂತೆ ಸಿಡಿಯುವುದನ್ನು ಕಂಡಿದ್ದೇನೆ. ಅವರ ಚಕ್ರ ತಳ ಮುಟ್ಟಿರುತ್ತದೆ. ಈ ಎಲ್ಲ ಕೆಲಸಕ್ಕೆ ಹಿಡಿದದ್ದು ಹದಿನೈದು ನಿಮಿಷ, ದುಡ್ಡು ತೆಗೆದುಕೊಳ್ಳಲಿಲ್ಲ.

ವಾಪಸು ಬರುವಾಗ ಇವರು, ‘ಹಿಂದೆ ಏನೋ ತೇಲಿದ ಹಾಗೆ ಆಗುತ್ತೆ ಕಣೇ, ಅಭ್ಯಾಸ ಇಲ್ಲ’ ಎಂದರು. ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ರೀ’ ಎಂದೆ.

ತಮಾಷೆ ಇರಲಿ. ಇವರು ನನ್ನನ್ನು ನೋಯಿಸಬೇಕೆಂದು ಒಂದು ದಿನವೂ ಬಯಸಿದವರಲ್ಲ. ಹಂಪು ಬಂದರೆ ನಿಧಾನ ಮಾಡುತ್ತಿದ್ದರು. ಆದರೆ ನೋವು ತಲುಪದ ಜಾಗದಲ್ಲಿ ಅವರು ಕೂತಿದ್ದರು. ತನಗೆ ತಲುಪದ ನೋವಿಗೆ ಮನುಷ್ಯ ಎಷ್ಟು ಹೊಣೆ? ಗೊತ್ತಿರಲಿಲ್ಲ ಎಂದರೆ ಸಾಕೇ? ನನಗೆ ಅನ್ನಿಸುವುದಿಷ್ಟು: ರಸ್ತೆ ಯಾರಿಗೆ ಕಾಣುತ್ತದೋ ಅವರು ಕೇಳಬೇಕು. ಹಿಂದಿನವರು ಹೇಳುವುದು ಎರಡನೆಯ ಮಾತು. ಹೇಳುವುದೂ ಸುಲಭವಲ್ಲ ನೋಡಿ. ಸ್ಪ್ರಿಂಗಿನ ನಿಯಮ ಕಂಡುಹಿಡಿದ ಇಂಗ್ಲೆಂಡಿನ ರಾಬರ್ಟ್ ಹುಕ್, ಬೇರೆಯವರು ಕದ್ದಾರೆಂದು 1676ರಲ್ಲಿ ಅದನ್ನು ಅಕ್ಷರಗಳನ್ನೆಲ್ಲ ಕಲಸಿ ಒಗಟಾಗಿ ಅಚ್ಚುಹಾಕಿಸಿದನಂತೆ. ಬಿಡಿಸಿ ಹೇಳಿದ್ದು 1678ರಲ್ಲಿ. ನಾವು ಹೆಂಗಸರೂ ನೋವನ್ನು ಹಾಗೇ ಅಕ್ಷರ ಕಲಸಿ ಹೇಳುತ್ತೇವೆ. ‘ಇವತ್ತು ಉಪ್ಪಿಟ್ಟು ಸಾಕು ಅಲ್ವಾ?’ ಎಂದರೆ ಸೊಂಟ ನೋಯುತ್ತಿದೆ ಎಂದರ್ಥ. ಬಿಡಿಸುವವರು ಬೇಕಲ್ಲ!

ತಾಳಿದವರು ಬಾಳಿಯಾರು ಎಂದು ಹಿರಿಯರು ಹೇಳಿದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಸಾವನ್ನು ತಾಳಬೇಕು, ಮುಪ್ಪನ್ನು ತಾಳಬೇಕು, ಮಳೆ ಬಾರದ ವರ್ಷವನ್ನು ತಾಳಬೇಕು. ಆದರೆ ಒಂದು ಬಳೆ ತಿರುಗಿಸಿದರೆ ಹೋಗುವ ನೋವನ್ನು ತಾಳಿದರೆ ಅದು ತಪಸ್ಸಾಗುತ್ತದೆಯೇ? ಸಹನೆ ಎಂಬ ದೊಡ್ಡ ಹೆಸರನ್ನು ಅದಕ್ಕೆ ಕೊಡಬಹುದೇ?

ಇಷ್ಟಕ್ಕೇ ಮುಗಿದಿದ್ದರೆ ಇದು ಬೈಕಿನ ಕಥೆಯಾಗಿಯೇ ಉಳಿಯುತ್ತಿತ್ತು. ಬಳೆ ಸಿಗದ ಜಾಗಗಳೂ ಇವೆ, ಏನು ಮಾಡೋಣ? ನಮ್ಮ ಭಾಷೆಯಲ್ಲಿ ‘ಗಟ್ಟಿ’ ಎಂದರೆ ಹೊಗಳಿಕೆ. ಗಟ್ಟಿಮುಟ್ಟು ಬೈಕು, ಗಟ್ಟಿಗಿತ್ತಿ ಹೆಂಗಸು. ನಮ್ಮ ಅತ್ತೆಯವರನ್ನು ಊರೆಲ್ಲ ಗಟ್ಟಿಗಿತ್ತಿ ಎನ್ನುತ್ತಿತ್ತು. 1962ರಲ್ಲಿ ಮಾವ ತೀರಿಕೊಂಡಾಗ ಅತ್ತೆಗೆ ಮೂವತ್ತೊಂದು ವರ್ಷ, ನಾಲ್ಕು ಮಕ್ಕಳು, ಮೇಲೊಂದು ಸಾಲ. ದಾಯಾದಿಗಳ ಬಾಯಿಗೆ ತೋಟ ಹೋಗದಂತೆ ಕಾದು, ಕಾಯಿ ಎಣಿಸಿ, ಕೊಬ್ಬರಿ ಎಣಿಸಿ, ಎಣ್ಣೆಯನ್ನು ಚಮಚದಲ್ಲಿ ಅಳೆದು ನಾಲ್ವರನ್ನೂ ಓದಿಸಿದರು. ಆ ಭಾರಕ್ಕೆ ಐದನೆಯ ಮೆಟ್ಟಿಲಲ್ಲದೆ ಬೇರೆ ಯಾವುದಿತ್ತು? ಬಗ್ಗಿದ್ದರೆ ಮನೆಯೇ ನೆಲಕ್ಕೆ ಉಜ್ಜುತ್ತಿತ್ತು.

ನಾನು ಸೊಸೆಯಾಗಿ ಬಂದದ್ದು 1984ರಲ್ಲಿ. ಆ ಹೊತ್ತಿಗೆ ಸಾಲ ತೀರಿತ್ತು, ಗಂಡುಮಕ್ಕಳಿಬ್ಬರಿಗೂ ನೌಕರಿ, ಹೆಣ್ಣುಮಕ್ಕಳು ಗಂಡನ ಮನೆಯಲ್ಲಿ. ಭಾರ ಇಳಿದಿತ್ತು, ಬಿಗಿ ಇಳಿದಿರಲಿಲ್ಲ. ಉಗ್ರಾಣದ ಬೀಗದ ಕೈ ಸೊಂಟ ಬಿಡಲಿಲ್ಲ. ಒಗ್ಗರಣೆಗೆ ಎರಡು ಹನಿ ಎಣ್ಣೆ ಹೆಚ್ಚು ಬಿದ್ದರೆ ಅಂದು ಮನೆಯಲ್ಲಿ ಊಟಕ್ಕೆ ರುಚಿಯಿಲ್ಲ. ನಾನು ಕೂತಿದ್ದು ಹಿಂಚಕ್ರದ ಮೇಲೆ, ಪೆಟ್ಟೆಲ್ಲ ನನಗೇ. ಮಗನಿಗೆ ಅದು ಅಮ್ಮನ ಶಿಸ್ತು, ಅಷ್ಟೇ. ‘ಅವಳು ಕಷ್ಟಪಟ್ಟವಳು, ಅಡ್ಜಸ್ಟ್ ಮಾಡ್ಕೋ’ ಎಂದು ನನ್ನ ತಾಯಿಯೇ ಕಾಗದ ಬರೆದಳು.

ಒಂದು ಸಲ, ಇವರಿಗೆ ಪ್ರಮೋಷನ್ ಬಂದ ವರ್ಷ, ರಾತ್ರಿ ಹತ್ತು ಗಂಟೆಗೆ ಅತ್ತೆ ಹಜಾರದಲ್ಲಿ ಲಾಟೀನಿಟ್ಟುಕೊಂಡು ಕಾಯಿ ಎಣಿಸುತ್ತಿದ್ದರು. ಕರೆಂಟು ಹೋಗಿತ್ತು. ಇವರು ಬಂದು, ‘ಬೇಕಾದಷ್ಟಿದೆಯಲ್ಲಮ್ಮ, ಇನ್ನು ಎಣಿಸೋದು ಯಾಕೆ? ಮಲಗು ಹೋಗು’ ಎಂದರು. ಅತ್ತೆ ತಲೆ ಎತ್ತದೆ, ‘ಎಣಿಸದೆ ಹೆಂಗಪ್ಪ ನಿದ್ದೆ ಬರುತ್ತೆ?’ ಎಂದರು. ಆ ದನಿಯಲ್ಲಿ ಗದರಿಕೆ ಇರಲಿಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಬಿಗಿ ಎಂದು ನಾನು ತಿಳಿದಿದ್ದ ಆ ವಸ್ತು ಅವರ ಪಾಲಿಗೆ ಆಸರೆಯಾಗಿತ್ತು. ಅದನ್ನು ಸಡಿಲಿಸಿದರೆ ಮೆತ್ತಗಾಗುವುದಿರಲಿ, ಬಿದ್ದೇ ಹೋಗುತ್ತೇನೆ ಎಂಬ ಭಯವಿತ್ತು ಅವರಿಗೆ.

ಯಾರ ಸಲುವಾಗಿ ಒಬ್ಬರು ಬಿಗಿಯಾದರೋ ಅವರ ಹೆಂಡತಿ ನಾನು. ನನ್ನ ಗಂಡ ಓದಿದ್ದು, ನೌಕರಿ ಹಿಡಿದದ್ದು, ನನಗೊಂದು ಮನೆ ಸಿಕ್ಕಿದ್ದು ಆ ಬಿಗಿಯಿಂದಲೇ. ಅದರ ಫಲ ಉಣ್ಣುತ್ತಾ ಅದರ ಪೆಟ್ಟು ಬೇಡ ಎನ್ನುವ ಹಕ್ಕು ನನಗಿತ್ತೇ? ಇತ್ತು ಎಂದೇ ಇಂದಿಗೂ ಅನ್ನುತ್ತೇನೆ. ಹೊತ್ತ ಭಾರಕ್ಕೆ ಗೌರವ ಬೇರೆ, ಇಳಿದ ಮೇಲಿನ ಪೆಟ್ಟಿಗೆ ಒಪ್ಪಿಗೆ ಬೇರೆ. ಆದರೆ ಮನುಷ್ಯರ ಬಳೆ ಬೈಕಿನ ಬಳೆಯಂತೆ ಹೊರಗಿರುವುದಿಲ್ಲ. ಸ್ಪ್ಯಾನರ್ ಹಾಕಲು ಹೋದವರ ಕೈಗೆ ಅದು ಸಿಗುವುದಿಲ್ಲ, ಅವರೇ ಒಳಗಿನಿಂದ ತಿರುಗಿಸಬೇಕು. ‘ಇನ್ನು ನೀನು ಹೊರಬೇಕಾಗಿಲ್ಲ’ ಎಂದು ಯಾರಾದರೂ ಬಹಳ ಸಲ, ಬಹಳ ಮೊದಲೇ ಹೇಳಿರಬೇಕಾಗುತ್ತದೆ. ಅತ್ತೆಗೆ ಅದನ್ನು ಹೇಳಿದವರಿರಲಿಲ್ಲ. ಎಲ್ಲರೂ ಗಟ್ಟಿಗಿತ್ತಿ ಎಂದು ಹೊಗಳುತ್ತಿದ್ದರಷ್ಟೆ. 2009ರಲ್ಲಿ ಹೋದರು. ಕೊನೆಯ ವಾರದಲ್ಲೂ ಬೆರಳು ಏನನ್ನೋ ಎಣಿಸುತ್ತಿತ್ತು.

ಇದನ್ನೆಲ್ಲ ಗಂಡಸರ ಹೆಂಗಸರ ಜಗಳ ಮಾಡಿಬಿಡುವುದು ಸುಲಭ. ‘ನೀವೇ ಓಡಿಸಿ, ತೊಂದರೆಯೇ ಇಲ್ಲ’ ಎನ್ನುವವರಿದ್ದಾರೆ. ನನ್ನ ಮಗಳು ಬೆಂಗಳೂರಿನಲ್ಲಿ ಸ್ಕೂಟರ್ ಓಡಿಸುತ್ತಾಳೆ, ಸಂತೋಷವೇ. ಹೋದ ಸಲ ಅವಳ ಮನೆಗೆ ಹೋಗಿದ್ದಾಗ ನಾನು ಹಿಂದೆ ಕೂತೆ. ಮೆಟ್ರೋ ಕಾಮಗಾರಿಯ ಗುಂಡಿಯೊಂದಕ್ಕೆ ಧಡ್ ಎಂದು ಇಳಿಸಿದಳು. ‘ಅಯ್ಯೋ’ ಎಂದರೆ, ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊ ಅಮ್ಮ, ಆಫೀಸಿಗೆ ಲೇಟಾಗುತ್ತೆ’ ಎಂದಳು, ತಿರುಗಿಯೂ ನೋಡದೆ! ಹ್ಯಾಂಡಲ್ಲಿಗೆ ಗಂಡು ಹೆಣ್ಣು ಎಂಬ ಭೇದವಿಲ್ಲ. ಅದನ್ನು ಹಿಡಿದವರ ಕಣ್ಣು ಮುಂದಕ್ಕೇ ಇರುತ್ತದೆ.

ಸಂಜೆ ಅವಳಿಗೆ ಮೆಟ್ಟಿಲ ವಿಷಯ, ಮೆಕ್ಯಾನಿಕ್ ಹುಡುಗನ ವಿಷಯ ಹೇಳಿದೆ. ಅಜ್ಜಿಯ ಲಾಟೀನಿನ ವಿಷಯವನ್ನೂ ಹೇಳಿದೆ. ಅವಳು ಏನೂ ಅನ್ನದೆ ಫೋನು ನೋಡುತ್ತಾ ಕೂತಿದ್ದಳು. ಮಾರನೆಯ ದಿನ ಮಲ್ಲೇಶ್ವರದ ಮಾರ್ಕೆಟ್ಟಿಗೆ ಹೊರಟೆವು. ಮೊದಲ ಸಿಗ್ನಲ್ಲಿನಲ್ಲಿ ನಿಂತಾಗ ಹೆಲ್ಮೆಟ್ಟಿನ ಗಾಜು ಮೇಲೆತ್ತಿ, ಕತ್ತು ಹೊರಳಿಸಿ, ‘ಹಿಂದೆ ಹೇಗಿದೆ ಅಮ್ಮ?’ ಎಂದಳು. ನಾನು ಹೇಳಲು ಶುರುಮಾಡಿದೆ. ದೀಪ ಹಸಿರಾದರೂ ನನ್ನ ಮಾತು ಮುಗಿದಿರಲಿಲ್ಲ, ಹಿಂದಿನ ಆಟೋದವನು ಹಾರ್ನ್ ಹೊಡೆಯುತ್ತಿದ್ದ.